ಸೂರ್ಯನ ಒಲೆಗೆ ಗೋಡೆ

ಕೆಲವರ ಬಾಳಿನಲ್ಲಿ ಆಗೊಮ್ಮೆ ಈಗೊಮ್ಮೆ ನಗೆಪಾಟಲು; ನನಗೆ ಅದೇ ಉದ್ಯೋಗ. ಹೊಸೂರಿನ ಚಿಕ್ಕ ಲ್ಯಾಬೊಂದರಲ್ಲಿದ್ದೇನೆ. ಸೂರ್ಯನಂಥ ಉರಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಫ್ಯೂಷನ್ ರಿಯಾಕ್ಟರಿನ ಒಳಗೋಡೆಗೆಂದು ಟಂಗ್‌ಸ್ಟನ್ ಬಿಲ್ಲೆ ಮಾಡುತ್ತೇವೆ. ಉರಿ ತಾಗಿ ಅದೆಷ್ಟು ಸವೆಯಿತು, ಇಂಧನದ ಹೈಡ್ರೋಜನ್ ಎಷ್ಟು ಕುಡಿಯಿತು ಎಂದು ನೋಡುವುದು ನನ್ನ ಪಾಲು. ಹೊಸ ಬಿಲ್ಲೆ ಸವೆಯದಿದ್ದರೆ ನನ್ನ ಕೆಲಸ ಕಾಯಂ, ಸವೆದರೆ ಮನೆಗೆ.

ಅತ್ತೆಯ ಪರಿಹಾರ

ಅಂಚೆಟ್ಟಿಯ ಅತ್ತೆಗೆ ಇದನ್ನೆಲ್ಲ ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

"ಒಲೆ ಗೋಡೆ ಸವೆದ್ರೆ ಕೆಮ್ಮಣ್ಣು, ಸಗಣಿ ಕಲ್ಸಿ ಸಾರ್ಸೋದಪ್ಪ. ಅದ್ಕೊಂದು ಆಫೀಸಾ?"

ಮುಂದಿನ ವಾರ ಬಸ್ಸಿನಲ್ಲಿ ಎರಡು ಚೀಲ ಬಂದವು. ಹಿಂದೆಯೇ ಫೋನು: "ಸೂರ್ಯ ಅಂದ್ಯಲ್ಲ, ಜಾಸ್ತೀನೇ ಕಳ್ಸೀನಿ. ಸಾಲ್ದಿದ್ರೆ ಹೇಳು, ಹಸು ಐತೆ."

ಓನರ್ ಮನೆಯ ಗೋಡೆ

ಬಾಗಲೂರು ರಸ್ತೆಯ ನಮ್ಮ ಮನೆ ಓನರ್‌ಗೆ ನಾನು ಗೋಡೆ ತಜ್ಞನೆಂದು ಹೇಗೋ ಗೊತ್ತಾಯಿತು. ಬಾತ್‌ರೂಮಿನ ಗೋಡೆ ನೀರು ಕುಡಿಯುತ್ತದೆ, ನೋಡಿ ಎಂದರು.

"ಗೋಡೆ ಕುಡಿದದ್ದನ್ನು ಕಕ್ಕಿಸಲು ನಾವಾದರೆ ಅದನ್ನು ಕೆಂಪಗೆ ಕಾಯಿಸುತ್ತೇವೆ" ಎಂದು ತಪ್ಪಿಸಿಕೊಳ್ಳಲು ನೋಡಿದೆ.

ಅವರು ಸ್ವಲ್ಪ ಯೋಚಿಸಿದರು. "ಕಾಯ್ಸಿ ಸಾರ್, ಪರವಾಗಿಲ್ಲ. ಕರೆಂಟ್ ಬಿಲ್ ಮಾತ್ರ ನಿಮ್ದೇ."

ತೂಕ ಬಂದ ಬಿಲ್ಲೆ

ಆಯುಧಪೂಜೆಯ ಮಾರನೆಯ ದಿನ, ಉರಿ ಉಂಡು ಬಂದಿದ್ದ ಆ ಹೊಸ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ತಕ್ಕಡಿಗಿಟ್ಟೆ. ಸವೆಯುವುದಿರಲಿ, ಮೊದಲಿಗಿಂತ ತೂಕ ಬಂದಿತ್ತು! ಎಷ್ಟು ಹೈಡ್ರೋಜನ್ ಕುಡಿದರೂ ಇಷ್ಟು ಮೈ ಬರುವಂತಿಲ್ಲ.

ಲ್ಯಾಬ್ ನಡೆಸುವ ನಮ್ಮ ಸಾರ್ ಕುಣಿದೇಬಿಟ್ಟರು. "ಗೋಡೆ ತಾನೇ ಬೆಳೀತದೆ!" ಎಂದು ಆರ್ಡರ್ ಕೊಡುವವರಿಗೆ ಫೋನೂ ಮಾಡಿದರು. ನನ್ನ ಬೆನ್ನು ತಟ್ಟಿ, "ನೀನು ಕಾಯಂ ಕಣಯ್ಯಾ" ಎಂದರು.

ಕಸ ಗುಡಿಸುತ್ತಿದ್ದ ಅಕ್ಕ ಇಣುಕಿದರು. "ಹಿಂದ್ಗಡೆ ಬೊಟ್ಟು ಅಳಿಸ್ಬ್ಯಾಡಿ ಸಾರ್. ನೆನ್ನೆ ಎಲ್ಲಾ ಮಿಷಿನ್‌ಗೂ ಅರಿಶಿನ ಕುಂಕುಮ ಇಟ್ಟೆ. ಪಾಪ, ಇದೊಂದ್ನ ಯಾಕ್ ಬಿಡೋದು ಅಂತ..."

ಒರೆಸಿ ಮತ್ತೆ ತೂಗಿದೆವು. ಬಿಲ್ಲೆ ಧಾರಾಳವಾಗಿ ಸವೆದಿತ್ತು. ಸಾರ್ ಫೋನನ್ನು ನೋಡಿದರು, ಬಿಲ್ಲೆಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಅಕ್ಕಾ, ಕುಂಕುಮ ಇನ್ನೂ ಐತಾ?" ಎಂದರು.

"ಐತೆ ಸಾರ್. ಯಾರಿಗಿಡ್ಲಿ, ಬಿಲ್ಲೆಗಾ, ಇವ್ರಿಗಾ?"