ಎರಡು ಟವೆಲ್ಲು, ಒಂದು ನಿಂಬೆಹಣ್ಣು

ಈ ಭೂಮಿಯ ಮೇಲೆ ಪೆಟ್ರೋಲು ಇನ್ನೂ ಮುಗಿದಿಲ್ಲವೆಂದರೆ ಅದಕ್ಕೆ ಕಾರಣ ಶಿಗ್ಲಿಯಲ್ಲಿರುವ ನನ್ನ ಸೋದರಮಾವ. ಹೀಗಂತ ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಾರೆ. ಅವರದೊಂದು ಸೀರೆ ಅಂಗಡಿ ಇದೆ. ಗಿರಾಕಿಗಳಿಗೆ ಸೆರಗು ಬಿಚ್ಚಿ ತೋರಿಸುವ ಮೊದಲು "ಯಾತರಾಗ ಬಂದ್ರಿ?" ಎಂದು ವಿಚಾರಿಸುತ್ತಾರೆ. ಬಸ್ಸಿನಲ್ಲಿ ಬಂದವರಿಗೆ ಚಹಾ, ಕಾರಿನಲ್ಲಿ ಬಂದವರಿಗೆ ಉಪನ್ಯಾಸ. ಚಹಾದ ಆಸೆಗೆ ಕಾರನ್ನು ಊರಾಚೆ ನಿಲ್ಲಿಸಿ ನಡೆದುಬರುವ ನೆಂಟರೂ ನಮ್ಮಲ್ಲಿದ್ದಾರೆ!

ಇಂಥವರ ಅಳಿಯನಾಗಿ ಹುಟ್ಟಿದ ನಾನು ಕಾರು ಕೊಂಡೆ. ಲಕ್ಷ್ಮೇಶ್ವರದಲ್ಲಿ ಔಷಧಿ ಅಂಗಡಿ ಇಟ್ಟುಕೊಂಡವನಿಗೆ ಅಷ್ಟೂ ಮೆರೆಯುವ ಹಕ್ಕಿಲ್ಲವೇ? ಪೂಜೆಯ ದಿನ ಮಾವ ಬಂದರು, ಬಸ್ಸಿನಲ್ಲಿ. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟಿದ್ದೆವು. ಮಾವ ಕಾರಿಗೆ ಒಂದು ಸುತ್ತು ಬಂದು, ಬಾಗಿಲು ತೆಗೆದು, ಸೀಟನ್ನು ಅಂಗೈಯಿಂದ ಎರಡು ಸಲ ಒತ್ತಿ ನೋಡಿದರು.

"ಎಷ್ಟ ಮಂದಿ ಹಿಡಸ್ತೈತಿ?"

"ಐದು ಮಂದಿ, ಮಾವಾ."

"ದಿನಾ ಇದರಾಗ ಎಷ್ಟ ಮಂದಿ ಹೋಗಾವ್ರು?"

"ನಾ ಒಬ್ಬನ."

"ಹಂಗಾರ ನಾಕು ಖಾಲಿ ಕುರ್ಚಿ ಹೊತಗೊಂಡು ಊರೂರು ತಿರಗಾವ ಅನ್ನು."

ಇಷ್ಟು ಹೇಳಿ, ಹೋಳಿಗೆ ಉಂಡು, ಮುಂದಿನ ಬಸ್ಸಿಗೆ ಹೋದರು. ಒಂದು ಸುತ್ತು ಕುಳಿತುಬನ್ನಿ ಎಂದು ನಾನು ಗೋಗರೆದದ್ದಷ್ಟೇ ಬಂತು.

ಅವರ ಅಂಗಿಯ ಕಿಸೆಯಲ್ಲೂ ಸದಾ ಒಂದು ನಿಂಬೆಹಣ್ಣು ಇರುತ್ತದೆ. ಯಾಕೆಂದು ಒಮ್ಮೆ ಕೇಳಿದ್ದೆ. "ದೃಷ್ಟಿ ಆಗಬಾರದಂತ. ಬಸ್ಸಿನ್ಯಾಗ ಎಲ್ಲಾರೂ ನನ್ನ ಸೀಟಿನ ಮ್ಯಾಲ ಕಣ್ಣ ಇಟ್ಟಿರ್ತಾರ" ಎಂದಿದ್ದರು.

ಈ ಮಾತು ಮಾತ್ರ ಖರೆ ಇರಬೇಕು. ಯಾಕೆಂದರೆ ಸೀಟು ಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಗದಗ ಜಿಲ್ಲೆಯಲ್ಲಿಲ್ಲ. ಬಸ್ಸು ನಿಲ್ದಾಣದೊಳಗೆ ತಿರುಗುತ್ತಿರುವಾಗಲೇ ಕಿಟಕಿಯಿಂದ ಅವರ ಎರಡು ಟವೆಲ್ಲುಗಳು ಒಳಗೆ ಬಿದ್ದಿರುತ್ತವೆ. ಒಂದು ತಮಗೆ, ಒಂದು ನಮ್ಮ ಅತ್ತೆಗೆ. ಅತ್ತೆಯದು ಕಡ್ಡಾಯವಾಗಿ ಮುಂದಿನ ಅರ್ಧದಲ್ಲಿ, ಕಿಟಕಿಯ ಪಕ್ಕ. ಅದು ಸಿಗದಿದ್ದರೆ ಆ ಬಸ್ಸೇ ಬೇಡ. ಒಂದು ಕಿಟಕಿಗಾಗಿ ಮೂರು ಬಸ್ಸು ಬಿಟ್ಟ ದಾಖಲೆಯೂ ಇದೆ. ಮಹಾರಾಣಿಯವರ ಸವಾರಿಗೂ ಇಷ್ಟು ಏರ್ಪಾಡು ಇರಲಿಕ್ಕಿಲ್ಲ ಎಂದು ನಾನು ಎಷ್ಟೋ ಸಲ ಕುಹಕವಾಡಿದ್ದೇನೆ. ಅತ್ತೆ ನಗುತ್ತಿದ್ದರು.

ಒಮ್ಮೆ ಗದಗಿನಲ್ಲಿ ಶಿರಹಟ್ಟಿಯ ಬಸ್ಸಿಗೆ ಟವೆಲ್ಲು ಎಸೆದು, ಅತ್ತೆಯನ್ನು ಕರೆತರಲು ಹೋದರು. ಅಷ್ಟರಲ್ಲಿ ಕಂಡಕ್ಟರು ಬೋರ್ಡು ಬದಲಿಸಿಬಿಟ್ಟಿದ್ದ. ಮಾವ ಗದಗಿನಲ್ಲೇ ಉಳಿದರು, ಟವೆಲ್ಲುಗಳು ಎರಡು ಸೀಟಿನಲ್ಲಿ ಆರಾಮವಾಗಿ ಕುಳಿತು ಮುಂಡರಗಿಗೆ ಹೋದವು! ಆದರೆ ಟವೆಲ್ಲಿನ ಮೂಲೆಯಲ್ಲಿ ಸೀರೆ ಅಂಗಡಿಯ ಹೆಸರು ಹೊಲಿದಿತ್ತು. ಮೂರನೆಯ ದಿನ ಶಿಗ್ಲಿ ಬಸ್ಸಿನ ಡ್ರೈವರ್ ಅವನ್ನು ಅಂಗಡಿಗೇ ತಂದುಕೊಟ್ಟ. ಮಾವ ಅದೇ ಗಳಿಗೆಯಲ್ಲಿ ನನಗೆ ಫೋನು ಹಚ್ಚಿದರು. "ನಿನ್ನ ಕಾರಿನ್ಯಾಗ ಏನರ ಮರತ ಬಿಟ್ಟರ, ಯಾರ ತಂದ ಕೊಡ್ತಾರಲೇ?" ನನ್ನ ಕಾರಿನಲ್ಲಿ ಮರೆತದ್ದು ನನ್ನ ಕಾರಿನಲ್ಲೇ ಇರುತ್ತದೆ ಎಂದು ಹೇಳಲು ಹೋದೆ. ಅಷ್ಟರಲ್ಲಿ ಅವರು ಫೋನಿಟ್ಟಿದ್ದರು.

ಈಚೆಗೆ ವಿಜಯಪುರದಲ್ಲಿ ಅವರ ಮಗಳ ಕುಬುಸ ಬಂತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಕುಬುಸ, ಬಳೆ ಒಯ್ದು ಉಡಿ ತುಂಬಬೇಕು. ಮುಹೂರ್ತ ಹನ್ನೊಂದಕ್ಕೆ. ತಾಯಿಯೇ ತಡವಾಗಿ ಹೋದರೆ ಬೀಗರ ಮುಂದೆ ಮರ್ಯಾದೆ ಉಳಿಯುತ್ತದೆಯೇ?

"ಅತ್ತೀನ್ನ ನನ್ನ ಕಾರಿನ್ಯಾಗ ಕಳಸ್ರಿ. ಸೀರೀನೂ ಹೊತ್ತಿಗೆ ಮುಟ್ತೈತಿ" ಎಂದೆ.

"ರೈಲು ಐತಲ್ಲ" ಎಂದರು ಮಾವ. "ಅದು ಹೆಂಗೂ ಹೊಂಟಿರ್ತೈತಿ. ನಾವು ಹತ್ತಿದ್ರೂ ಹೊಕ್ಕೈತಿ, ಹತ್ತದಿದ್ರೂ ಹೊಕ್ಕೈತಿ. ನಮ್ಮಿಬ್ಬರ ಸಲುವಾಗಿ ಬ್ಯಾರೇ ಹೊಗಿ ಯಾಕ ಬಿಡಬೇಕು?"

ಹಿಂದಿನ ದಿನವೇ ಇಬ್ಬರೂ ಗದಗಿನ ಪಕ್ಕದ ಬೆಟಗೇರಿಗೆ ಹೋಗಿ, ನೆಂಟರ ಮನೆಯಲ್ಲಿ ಉಳಿದು, ಬೆಳಗಿನ ರೈಲು ಹಿಡಿದರು. ನಾನು ನಸುಕಿನಲ್ಲೇ ಹೆಂಡತಿಯೊಡನೆ ಕಾರು ಹೊರಡಿಸಿದೆ. ಅವರಿಗಿಂತ ಮೊದಲು ಮುಟ್ಟಿ, ಬಾಗಿಲಲ್ಲಿ ನಿಂತು "ಬರ್ರಿ ಮಾವಾ, ಭಾಳ ತಡಾ ಆತಲ್ಲ" ಅನ್ನಬೇಕೆಂಬುದು ನನ್ನ ಜೀವಮಾನದ ಆಸೆಯಾಗಿತ್ತು. ಬಾಗಲಕೋಟೆಯ ಈಚೆ ಒಂದು ರೈಲ್ವೆ ಗೇಟು ಮುಚ್ಚಿತು. ಯಾವ ರೈಲಿಗೆಂದು ಹೇಳಬೇಕೇ? ನಾಲ್ಕನೆಯ ಡಬ್ಬಿಯ ಕಿಟಕಿಯಲ್ಲಿ ಅತ್ತೆ ಗಾಳಿಗೆ ಮುಖ ಒಡ್ಡಿ ಕುಳಿತಿದ್ದರು. ಅವರ ಹಿಂದಿನಿಂದ ಮಾವ ನನಗೆ ಟವೆಲ್ಲು ಬೀಸಿದರು. ಮುಂದೆ ವಿಜಯಪುರದಲ್ಲಿ ನನ್ನ ಫೋನಿನ ಹೆಂಗಸು "ಬಲಕ್ಕೆ ತಿರುಗಿ" ಎನ್ನುತ್ತ ನಮ್ಮನ್ನು ಕಾಯಿಪಲ್ಲೆ ಸಂತೆಯ ನಟ್ಟನಡುವೆ ತಂದು ನಿಲ್ಲಿಸಿದಳು. ಅಲ್ಲಿಂದ ಬಿಡಿಸಿಕೊಂಡು ಮನೆ ಮುಟ್ಟಿದಾಗ ಉಡಿ ತುಂಬಿ ಮುಗಿದಿತ್ತು.

"ಕೈ ತೊಳಕೋರಪಾ. ಇನ್ನೊಂದು ಪಂಕ್ತಿ ಐತಿ" ಎಂದರು ಮಾವ, ಬಾಗಿಲಲ್ಲಿ ನಿಂತು.

ಸಿಟ್ಟು ಬಾರದೆ ಇರುತ್ತದೆಯೇ? ಊಟವಾದ ಮೇಲೆ ಬೀಗರೆಲ್ಲರ ಎದುರಿಗೇ ಪಟ್ಟು ಹಿಡಿದೆ. "ಮಾವ ಬೇಕಾದ್ರ ರೈಲಿಗೆ ಬರ್ಲಿ. ಅತ್ತಿ, ನೀವು ನಮ್ಮ ಕಾರಿನ್ಯಾಗ ಬರ್ರಿ. ಇವರ ಹುಚ್ಚಿಗೆ ನೀವ್ಯಾಕ ಮೈ ನೋಯಿಸ್ಕೋತೀರಿ?"

ಅತ್ತೆ ತಲೆ ತಗ್ಗಿಸಿದರು. ಮಾವ ತಕ್ಷಣ ನಡುವೆ ಬಂದು ಹೊಗೆ, ಪೆಟ್ರೋಲು, ಖಾಲಿ ಕುರ್ಚಿ ಎಂದು ಎಂದಿಗಿಂತ ಜೋರಾಗಿ ಶುರುಮಾಡಿದರು. ಎಲ್ಲರೂ ಅವರನ್ನು ನೋಡಿ ನಕ್ಕರು.

ಮಾವ ಎಲೆ ಅಡಿಕೆಗೆಂದು ಹೊರಗೆ ಹೋದಾಗ ಅತ್ತೆ ನನ್ನನ್ನು ಒಳಗೆ ಕರೆದರು.

"ಅವರಿಗೆ ಕಾರಂದ್ರ ಭಾಳ ಆಸಿ ಐತಪಾ. ನಿನ್ನ ಕಾರಿನ ಸೀಟು ಎಷ್ಟು ಮೆತ್ತಗೈತಿ ಅಂತ ಎಂಟ ದಿನ ಅದನ್ನ ಹೇಳಾಕತ್ತಿದ್ರು. ಕಾರಿನ್ಯಾಗ ಹೊಟ್ಟಿ ತೊಳಸೂದು ನನಗ. ಮುಂಡರಗಿ ಲಗ್ನದಾಗ ಆದದ್ದು ನಿನಗ ನೆನಪೈತಲ್ಲ."

ನೆನಪಿಲ್ಲದೆ ಏನು? ಬಾಡಿಗೆ ಕಾರು. ಅತ್ತೆ ಮೂರು ಸಲ ನಿಲ್ಲಿಸಲು ಹೇಳಿದರು. ನಾಲ್ಕನೆಯ ಸಲ ನಿಲ್ಲಿಸುವಷ್ಟರಲ್ಲಿ ತಡವಾಗಿ, ಪಕ್ಕದಲ್ಲಿದ್ದ ಬೀಗಿತಿಯ ರೇಷ್ಮೆ ಸೀರೆ ಹಾಳಾಗಿತ್ತು. ಆ ಕಥೆಯನ್ನು ಅತ್ತೆಯ ದನಿಯಲ್ಲೇ ಅಭಿನಯಿಸಿ ತೋರಿಸಿ, ನಾನು ಎಷ್ಟು ಮನೆಗಳಲ್ಲಿ ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

"ರೈಲಿನ್ಯಾಗ ಗಾಳಿ ಇರ್ತೈತಿ, ಎದ್ದು ಅಡ್ಡಾಡಬೌದು. ಬಸ್ಸಿನ್ಯಾಗ ಕಿಟಕಿ, ನಿಂಬಿಹಣ್ಣಿನ ವಾಸನಿ ಇದ್ದರ ಹೆಂಗೋ ತಡೀತೈತಿ. ಆ ಲಗ್ನ ಮುಗಿಸಿ ಬಂದ ದಿನಾನ ನನಗ ಅಂದ್ರು, 'ನಿನಗ ಕಾರು ಆಗೂದಿಲ್ಲ ಅಂದ್ರ ಮಂದಿ ಮತ್ತ ನಗತಾರ, ಅದರ ಬದಲಿ ನನಗ ಹುಚ್ಚು ಅಂತ ನಗಲಿ ಬಿಡು' ಅಂತ."

ನನಗೆ ಅತ್ತೆಯ ಮುಖ ನೋಡಲಾಗಲಿಲ್ಲ. ತಪ್ಪಾಯಿತು ಎಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಕಾರಿನ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟೆ. ಓಡಿಸುವುದು ನನಗಿಂತ ಅವಳಿಗೇ ಚೆನ್ನಾಗಿ ಬರುತ್ತದೆ. ನಾನು ಮಾವ, ಅತ್ತೆಯ ಜೊತೆ ಸ್ಟೇಶನ್ನಿಗೆ ನಡೆದೆ. ದಾರಿಯಲ್ಲಿ ಒಂದು ನಿಂಬೆಹಣ್ಣು ಕೊಂಡು ಮಾವನ ಕೈಗಿಟ್ಟೆ.

"ಇದ್ಯಾಕಲೇ?"

"ಪೆಟ್ರೋಲು ಉಳಸಾಕ, ಮಾವಾ."

ಮಾವ ನನ್ನನ್ನು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಹಣ್ಣನ್ನು ಕಿಸೆಗಿಳಿಸಿದರು. ರೈಲು ಬಂದಾಗ ಎರಡು ಟವೆಲ್ಲು ಒಳಗೆಸೆದರು. ಆಮೇಲೆ ಹೆಗಲ ಮೇಲೆ ಹಾಕಿಕೊಂಡಿದ್ದ, ಬೀಗರು ಹೊದಿಸಿದ ಹೊಸ ಶಾಲನ್ನೂ ತೆಗೆದು, ನನಗೊಂದು ಸೀಟಿಗೆಂದು ಅದೇ ಕಿಟಕಿಯೊಳಗೆ ಎಸೆದರು.