ಕಿವಿ ತಿರುಗಿಸಿದರೆ ಉರಿಯುವ ಮಂತ್ರಿ

ನಮ್ಮ ದೇಶದ ವಿದ್ಯುತ್ ಮಂತ್ರಿಯನ್ನು ನಾನು ಬರೀ ಚಡ್ಡಿಯಲ್ಲಿ ಹೆಗಲ ಮೇಲೆ ಹೊತ್ತು ಮನೆಗೆ ತಂದೆ. (ಚಡ್ಡಿಯಲ್ಲಿದ್ದದ್ದು ಮಂತ್ರಿ, ನಾನಲ್ಲ.) ಉದ್ದೇಶ ಅವನ ಮಾನ ಕಳೆಯುವುದಾಗಿತ್ತು. ಕೊನೆಗೆ ಕಳೆದದ್ದು ಯಾರ ಮಾನ ಎಂದು ನಾನು ಹೇಳುವ ಮೊದಲೇ ನನ್ನ ಹೆಂಡತಿ ನಾರ್ಸಿಸಾ ಒಳಗೆ ಕೂತು ನಗುತ್ತಿದ್ದಾಳೆ.

ಮಂತ್ರಿ ಎಂದರೆ ಕಾಗದದ ಮಂತ್ರಿ. ನಮ್ಮ ಗ್ವಾಯಾಕಿಲ್‌ನಲ್ಲಿ ಡಿಸೆಂಬರ್ ಬಂತೆಂದರೆ, ಆ ವರ್ಷ ಜನರ ಹೊಟ್ಟೆ ಉರಿಸಿದವರೆಲ್ಲ ಕಾಗದ, ಅಂಟು, ಬಣ್ಣಗಳಲ್ಲಿ ಪುನರ್ಜನ್ಮವೆತ್ತಿ ಗೊಂಬೆಯವರ ಬೀದಿಯಲ್ಲಿ ಸಾಲಾಗಿ ಕೂತಿರುತ್ತಾರೆ. ಬೇಕಾದವನನ್ನು ಕೊಂಡು ತಂದು ಕೂರಿಸಿಕೊಂಡು, ಮನಸಾರೆ ಬೈದು, ವರ್ಷ ಕಳೆಯುವ ಗಳಿಗೆಯಲ್ಲಿ ಬೀದಿಯ ನಡುವೆ ಸುಟ್ಟರೆ ಪೀಡೆ ತೊಲಗಿದಂತೆ. (ಅದೇ ಪೀಡೆ ಜನವರಿಯಲ್ಲಿ ಮತ್ತೆ ಕಚೇರಿಗೆ ಹಾಜರಾಗುತ್ತದೆ, ಅದು ಬೇರೆ ವಿಷಯ.)

ಆ ವರ್ಷ ಯಾರನ್ನು ಸುಡಬೇಕೆಂಬ ಚರ್ಚೆಯೇ ಇರಲಿಲ್ಲ. ಸಂಜೆಯಾದರೆ ಕರೆಂಟು ಹೋಗುತ್ತಿತ್ತು. ಯಾವಾಗ ಬರುತ್ತದೆಂದು ಕೇಳಿದರೆ ಮಂತ್ರಿ ಮಹಾಶಯರು ಮಳೆರಾಯನ ಕಡೆ ಕೈ ತೋರಿಸುತ್ತಿದ್ದರು. ನಾರ್ಸಿಸಾ ಹಣ್ಣಿನ ರಸವನ್ನು ಉದ್ದುದ್ದ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಹೆಪ್ಪುಗಟ್ಟಿಸಿ ಮಾರುತ್ತಾಳೆ. ಮನೆ ನಡೆಯುವುದು ಅದರಿಂದ. (ನಾನೂ ದುಡಿಯುತ್ತೇನೆ. ರೇಡಿಯೊ ರಿಪೇರಿ. ಕರೆಂಟಿಲ್ಲದ ಊರಿನಲ್ಲಿ ರೇಡಿಯೊ ಕೆಟ್ಟಿರುವುದು ಯಾರಿಗೆ ಗೊತ್ತಾಗಬೇಕು?) ಪೊಟ್ಟಣಗಳು ಕರಗಿ ಫ್ರಿಜ್ಜಿನಿಂದ ಮಾವಿನ ಹೊಳೆ ಹರಿದು ನನ್ನ ಕಾಲು ತೊಳೆಯುತ್ತಿತ್ತು. ನಾನು ಬಾಲ್ಕನಿಗೆ ನುಗ್ಗಿ ಮಂತ್ರಿಯನ್ನು ಬೈಯುತ್ತ ಬಾಣಲೆಗೆ ಸೌಟಿನಿಂದ ಬಾರಿಸುತ್ತಿದ್ದೆ. ಎದುರುಮನೆಯ ಕ್ಷೌರದಂಗಡಿಯ ದೋನ್ ವೆಲಿಂಗ್ಟನ್ ಬಕೆಟ್ಟು ಬಡಿಯುತ್ತಿದ್ದ. (ದೋನ್ ಎಂದರೆ ನಮ್ಮಲ್ಲಿ ಶ್ರೀಮಾನ್ ಎಂದ ಹಾಗೆ.) ಆಮೇಲೆ ಇಡೀ ಬೀದಿ. ಬಾಯಿರುವ ಬೀದಿಯೆಂದು ನಮಗೆ ಹೆಸರು. ಆ ಬಾಯಿಗೆ ನಾಲಿಗೆ ನಾನು.

ಅಂಥ ನಾನು ಎಲ್ಲರಂತೆ ಬರೀ ಗೊಂಬೆ ತರುವುದುಂಟೇ? ಗೊಂಬೆ ಮಾಡುವ ಬ್ರೌಲಿಯೊಗೆ ಹೇಳಿ ಮಂತ್ರಿಯನ್ನು ಪ್ಲಗ್ಗು ಚುಚ್ಚುವ ದೀಪವಾಗಿ ಮಾಡಿಸಿದೆ. ಕೊಡದಂಥ ಹೊಟ್ಟೆ, ಗುಲಾಬಿ ಹೂಗಳ ಚಡ್ಡಿ, ಮೂಗಿನ ಜಾಗದಲ್ಲಿ ಬಲ್ಬು. ಎಡಗಿವಿ ತಿರುಗಿಸಿದರೆ ಮೂಗು ಉರಿಯಬೇಕು.

"ಇದನ್ನ ನನ್ನ ಹಾಲ್‌ನಲ್ಲಿ ಇಡ್ತೀಯಾ?" ನಾರ್ಸಿಸಾ ಸೊಂಟಕ್ಕೆ ಕೈಯಿಟ್ಟಳು.

"ಬಾಗಿಲಲ್ಲಿ ಇಟ್ರೆ ಯಾರಾದ್ರೂ ಕದೀತಾರೆ ಕಣೇ."

"ಮಂತ್ರೀನ ಕದಿಯೋ ಕಳ್ಳ ಇನ್ನೂ ಹುಟ್ಟಿಲ್ಲ ಕಣೋ. ಕದಿಯೋದು ಅವನ ಕೆಲಸ."

ನನ್ನ ಅತ್ತೆಯ ಹೆಸರು ಮಾತಿಲ್ದೆ. (ಹೆಸರಿಗೂ ಮನುಷ್ಯರಿಗೂ ಸಂಬಂಧ ಇರಬೇಕೆಂಬ ಕಾನೂನು ಯಾವ ದೇಶದಲ್ಲೂ ಇಲ್ಲ.) ಅವರು ಗೊಂಬೆಯನ್ನು ಸುತ್ತು ಹಾಕಿ ನೋಡಿ, "ಹೊಟ್ಟೆ ನಮ್ಮ ಅಳಿಯಂದು, ಚಡ್ಡೀನೂ ನಮ್ಮ ಅಳಿಯಂದು. ಮುಖ ಒಂದು ಯಾರದೋ" ಎಂದರು.

ಅಂದು ಸಂಜೆ ಕರೆಂಟು ಹೋಯಿತು. ಬೀದಿದೀಪ, ಎದುರುಮನೆ, ಮೂಲೆಯ ಔಷಧಿ ಅಂಗಡಿ ಎಲ್ಲವನ್ನೂ ಕತ್ತಲು ನುಂಗಿತು. ನಮ್ಮ ಹಾಲ್‌ನಲ್ಲಿ ಮಾತ್ರ ಮಂತ್ರಿಯ ಮೂಗು ಉರಿಯುತ್ತಲೇ ಇತ್ತು. ಫ್ಯಾನು ತಿರುಗುತ್ತಿತ್ತು. ಫ್ರಿಜ್ಜು ಗುಂಯ್ಗುಡುತ್ತಿತ್ತು.

ರಿಪೇರಿಯವನಲ್ಲವೇ, ಪರೀಕ್ಷೆಗೆ ನಿಂತೆ. ನಮ್ಮ ಮನೆಗೂ ಎದುರುಮನೆಗೂ ಒಂದೇ ಕಂಬದ ತಂತಿ. ಮಂತ್ರಿಯ ಪ್ಲಗ್ಗು ಕಿತ್ತೆ. ಮೂಗು ಆರಲಿಲ್ಲ. ಕಿವಿ ಹಿಂದಕ್ಕೆ ತಿರುಗಿಸಿದೆ. ಆರಲಿಲ್ಲ. ಕಾಗದದ ಕಿವಿ ನನ್ನ ಬೆರಳಿಗೆ ಬೆಚ್ಚಗೆ, ಮೆತ್ತಗೆ ತಗಲಿತು.

"ನಾರ್ಸಿಸಾ, ಪ್ಲಗ್ಗು ನನ್ನ ಕೈಯಲ್ಲಿದೆ."

"ಹಾಗಾದ್ರೆ ಬಿಲ್ಲೂ ಬರಲ್ಲ. ಬಾಯ್ಮುಚ್ಕೊಂಡು ಕೂತ್ಕೋ."

ಹೊರಗೆ ದೋನ್ ವೆಲಿಂಗ್ಟನ್ ಬಕೆಟ್ಟು ಶುರುವಾಗಿತ್ತು. ರೂಢಿಯಂತೆ ನಾನೂ ಬಾಣಲೆ ಎತ್ತಿ ಒಂದು ಪೆಟ್ಟು ಹಾಕಿದೆ. ಮೂಗಿನ ಬೆಳಕು ಕೆಂಡದಷ್ಟಕ್ಕೆ ಇಳಿಯಿತು. ಇನ್ನೊಂದು ಪೆಟ್ಟು: ಫ್ರಿಜ್ಜು ನರಳಿ ನಿಂತಿತು. ಸೌಟು ಕೆಳಗಿಟ್ಟೆ. ಬೆಳಕು ಮೆಲ್ಲಗೆ ಏರಿ ಹಾಲ್ ತುಂಬಾ ಹರಡಿತು. ತಿರುಗಿ ನೋಡಿದೆ. ಗೊಂಬೆ ನಗುತ್ತಿತ್ತು. ಬ್ರೌಲಿಯೊ ಅದಕ್ಕೆ ನಗು ಬರೆದಿರಲಿಲ್ಲ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ.

"ಇನ್ನೊಂದ್ಸಲ ಆ ಬಾಣಲೆ ಮುಟ್ಟಿದ್ರೆ ಅದರಲ್ಲೇ ನಿನ್ನ ಹುರೀತೀನಿ" ಎಂದಳು ನಾರ್ಸಿಸಾ.

ನಾನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಹೀಗೆ ನಮ್ಮ ಮನೆಯಲ್ಲಿ ಸುಖಶಾಂತಿ ನೆಲೆಸಿತು. ಮೊದಲು ನಾರ್ಸಿಸಾ ಮಂತ್ರಿಯ ಹೊಟ್ಟೆಗೆ ಟವೆಲ್ಲು ಹೊದಿಸಿದಳು. ಆಮೇಲೆ ನನ್ನ ಮದುವೆಯ ಕೋಟು ತೊಡಿಸಿದಳು. ಅತ್ತೆ ಬೆಳಗಿನ ಕಾಫಿ, ಹುರಿದ ಬಾಳೆಕಾಯಿ ಮುಂದಿಡತೊಡಗಿದರು. ಬಟ್ಟಲು ಬರಿದಾಗುತ್ತಿತ್ತು. ಬರಿದು ಮಾಡಿದವರು ಯಾರೆಂದು ಕೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬರಲಿಲ್ಲ. 'ಅವನು' ಎನ್ನುತ್ತಿದ್ದ ನಾನು ಯಾವಾಗ 'ಅವರು' ಎನ್ನತೊಡಗಿದೆನೋ ತಿಳಿಯದು. ನನ್ನ ಕುರ್ಚಿಯಲ್ಲಿ ಈಗ ಅವರು. ನಾನು ಸ್ಟೂಲಿನ ಮೇಲೆ. ಅವರು ಮಳೆಯ ಬಗ್ಗೆ ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಇದ್ದಿರಬಹುದು ಎಂದು ನನಗೆ ತೋರತೊಡಗಿತು. (ಫ್ಯಾನಿನ ಕೆಳಗೆ ಕೂತವನಿಗೆ ಸತ್ಯ ಎಷ್ಟು ತಂಪಾಗಿ ತೋರುತ್ತದೆ!)

ಒಂದು ಸಂಜೆ ದೋನ್ ವೆಲಿಂಗ್ಟನ್ ಫೋನು ಚಾರ್ಜ್ ಮಾಡಿಕೊಳ್ಳಲು ಬಂದ. ಅವನ ತಾಯಿ ಯಂತ್ರದ ನೆರವಿನಿಂದ ಉಸಿರಾಡುವವಳು. ಕರೆಂಟು ಹೋದಾಗ ಕಿಟಕಿಗೆ ಬಾಯಿಟ್ಟು ಕೂರುತ್ತಾಳೆ. ಅವನು ದೀಪ ನೋಡಿದ, ಕೋಟು ನೋಡಿದ, ನನ್ನನ್ನು ನೋಡಿದ.

"ಬಾಣಲೆ ಏನಾಯ್ತು ದೋನ್ ಹಸಿಂತೊ? ತೂತು ಬಿತ್ತಾ?"

"ಕೈ ನೋವು ಮಾರಾಯ. ರಟ್ಟೆ ಎತ್ತಕ್ಕೇ ಆಗ್ತಿಲ್ಲ."

"ಪಾಪ. ರಟ್ಟೇಲಿ ಶುರುವಾದ ನೋವು ಗಂಟಲಿಗೂ ಏರಿದಂಗಿದೆ. ಒಂದು ಬೈಗುಳನೂ ಕೇಳಿಸ್ತಿಲ್ಲ."

"ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಾ" ಎಂದೆ. ಅವನು ಮಂತ್ರಿಯ ಮುಖವನ್ನು ಮತ್ತೆ ನೋಡಿದ. "ಅವಳು ಬರಲ್ಲ. ಕಿಟಕೀಲಿ ಕೂತ್ಕೊಂಡು ನಿಮ್ಮ ಮನೆ ಕಡೆ ನೋಡಿ ದಿನಾ ಕೇಳ್ತಾಳೆ, ಆ ಮೂಗಿನ ಹಿಂದೆ ಇಬ್ರು ಯಾಕೆ ಕೂತಿದ್ದಾರೆ ಅಂತ." ಫೋನು ಅಲ್ಲೇ ಬಿಟ್ಟು ಇಳಿದುಹೋದ. ನನ್ನ ಸ್ಟೂಲು ಮಂತ್ರಿಗಳ ಎದುರಿಗಿತ್ತು. ಅವರ ಹಿಂದೆ ಗೋಡೆ ಮಾತ್ರ. ಹಾಗಾದರೆ ಅವಳಿಗೆ ಕಂಡ ಎರಡನೆಯವರು ಯಾರು?

ವರ್ಷದ ಕೊನೆಯ ದಿನ ನನ್ನ ಆತ್ಮಸಾಕ್ಷಿ ಎದ್ದು ಕೂತಿತು. ಸುಡಲೇಬೇಕು ಎಂದುಕೊಂಡೆ. ಅವರ ಕಂಕುಳಿಗೆ ಕೈ ಹಾಕಿ ಎತ್ತಿದೆ. ಹೆಗಲ ಮೇಲೆ ಆಟಿಕೆಯಂತೆ ಬಂದಿದ್ದ ಕಾಗದ ಕುರ್ಚಿ ಬಿಟ್ಟು ಅಲುಗಲಿಲ್ಲ. ನಾನೂ ಅತ್ತೆಯೂ ಸೇರಿದರೂ ಒಂದು ಕಾಲು ಎತ್ತಲಾಗಲಿಲ್ಲ.

"ದಿನಾ ತಿಂದ ಮೇಲೆ ತೂಕ ಬರದೇ ಇರುತ್ತಾ ಅಳಿಯಂದ್ರೇ?" ಎಂದರು ಅತ್ತೆ ಏದುಸಿರು ಬಿಡುತ್ತ.

ನಾನು ಬೆವರೊರೆಸಿಕೊಂಡೆ. ನಿಜ ಹೇಳಬೇಕೆಂದರೆ, ಎತ್ತಲಾಗಲಿಲ್ಲವೆಂದು ನನಗೆ ಹಾಯೆನಿಸಿತ್ತು. ಬೀದಿಗೆ ಹೇಳಲು ಒಂದು ಒಳ್ಳೆಯ ನೆಪ ಹೊಸೆಯುತ್ತ ಬರಿಗೈಯಲ್ಲಿ ಕೆಳಗಿಳಿದೆ.

ನೆಪ ಬೇಕಾಗಲಿಲ್ಲ. ಬೀದಿಯ ನಡುವೆ ಆಗಲೇ ಒಂದು ಗೊಂಬೆ ಕೂತಿತ್ತು, ಸುತ್ತಲೂ ಮೇಣದಬತ್ತಿ ಹಿಡಿದ ಜನ. ನೀಲಿ ಚೌಕುಳಿ ಶರ್ಟು. ಬೋಳುತಲೆ. ಕೆನ್ನೆಯ ಮೇಲೆ ನನ್ನ ಮಚ್ಚೆ. ಕಣ್ಣು, ಮೂಗು, ಮೀಸೆ ಎಲ್ಲ ಬರೆದಿದ್ದರು. ಮೀಸೆಯ ಕೆಳಗೆ ಏನೂ ಇರಲಿಲ್ಲ.

"ಬಾಯಿ ಬರೆಯೋಕೆ ಮರೆತಿದ್ದೀರಿ" ಎಂದೆ. ನನ್ನ ದನಿ ನನಗೇ ದೂರದಿಂದ ಬಂದಂತಿತ್ತು.

"ಇಲ್ಲ, ನೋಡ್ಕೊಂಡೇ ಮಾಡಿದ್ದು" ಎಂದ ದೋನ್ ವೆಲಿಂಗ್ಟನ್.

"ಶರ್ಟು ಯಾರು ಕೊಟ್ಟಿದ್ದು?"

"ನಾನೇ." ಹಿಂದೆ ನಾರ್ಸಿಸಾ ನಿಂತಿದ್ದಳು. "ವರ್ಷಕ್ಕೆ ಒಬ್ಬನ್ನ ಸುಡಲೇಬೇಕಲ್ಲ. ಮಂತ್ರೀನ ಸುಟ್ರೆ ಫ್ರಿಜ್ಜು ನಿಲ್ಲುತ್ತೆ. ನಿನ್ನ ಸುಟ್ರೆ ಏನು ನಿಲ್ಲುತ್ತೆ ಹೇಳು?"

ಯಾರೋ ಮೇಣದಬತ್ತಿ ಚಾಚಿ ಗೊಂಬೆಗೆ ಬೆಂಕಿ ಹಚ್ಚಿದರು. ಮೊದಲು ತೋಳು, ಆಮೇಲೆ ಎದೆ. ನನ್ನ ತೋಳು ಬೆಚ್ಚಗಾಯಿತು. ಬೆಂಕಿಯ ಹತ್ತಿರ ನಿಂತಿದ್ದಕ್ಕೆ ಎಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದೆ. ಬಿಸಿ ನನ್ನ ಜೊತೆಗೇ ಬಂತು. ಜ್ವಾಲೆ ಮುಖಕ್ಕೇರಿ, ಮೀಸೆಯ ಕೆಳಗಿನ ಖಾಲಿ ಕಾಗದ ಸುಟ್ಟು ದುಂಡಗೆ ಬಾಯಿ ತೆರೆಯಿತು. ಅದರೊಳಗಿಂದ ಹೊಗೆ ಬುಸುಗುಟ್ಟಿತು. ಅದೇ ಕ್ಷಣ ಬೀದಿದೀಪಗಳು ಒಂದಾದ ಮೇಲೊಂದು ಹೊತ್ತಿಕೊಂಡವು. ಕ್ಷೌರದಂಗಡಿ, ಔಷಧಿ ಅಂಗಡಿ, ಪ್ರತಿ ಕಿಟಕಿ. ದೋನ್ ವೆಲಿಂಗ್ಟನ್ ತಾಯಿಯ ಯಂತ್ರ ಉಸಿರೆಳೆಯತೊಡಗಿತು. ಜನ ಕಿರುಚಿದರು, ಅಪ್ಪಿಕೊಂಡರು, ನನ್ನ ಬೂದಿಯ ಸುತ್ತ ಕುಣಿದರು. ನಾನೂ ಕುಣಿಯಬೇಕೆಂದು ತಲೆಯೆತ್ತಿದೆ. ಇಡೀ ಬೀದಿಯಲ್ಲಿ ಕತ್ತಲಾಗಿದ್ದದ್ದು ಒಂದೇ ಮನೆ.

ತಡಕಾಡುತ್ತ ಮೆಟ್ಟಿಲು ಹತ್ತಿದೆ. ನಾರ್ಸಿಸಾ ಆಗಲೇ ಮೇಲೆ ಬಂದಿದ್ದಳು. ಕತ್ತಲಲ್ಲಿ ಫ್ರಿಜ್ಜಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ನನ್ನ ಕುರ್ಚಿಯ ಕಡೆಯಿಂದ ಯಾರೋ ಸಾವಕಾಶವಾಗಿ ಮಗ್ಗಲು ಬದಲಿಸಿದ ಸದ್ದಾಯಿತು. ನಾವಿಬ್ಬರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಕೆಳಗಿನಿಂದ ಅಪರಿಚಿತ ದನಿಗಳು: "ದೋನ್ ಹಸಿಂತೊ! ನಾವು ಹಿಂದಿನ ಬೀದಿಯೋರು! ನಮ್ಮಲ್ಲಿನ್ನೂ ಕರೆಂಟು ಬಂದಿಲ್ಲ. ನಿಮ್ಮದೊಂದು ಹಳೇ ಶರ್ಟು ಸಿಗುತ್ತಾ?"

ಇಲ್ಲವೆನ್ನಲು ನಾನು ಬಾಯಿ ತೆರೆದೆ. ಹಿಂದೆ ಬೀರುವಿನ ಬಾಗಿಲು ಕಿರ್ರೆಂದಿತು.

"ಪ್ಯಾಂಟೂ ಬೇಕಾ ಕೇಳು" ಎಂದಳು ನಾರ್ಸಿಸಾ.