ಪಡಸಾಲೆಗೊಂದು ಝೂಮರ್

ಬಂಡೆಮ್ಮ: ಇಡೀ ಚೌಕಕ್ಕ ಮೂರು ಕಂದೀಲು ಸಾಕಾಗಿದ್ದವು. ಅದಕ್ಕ ಮಂದಿ ತೀನ್ ಕಂದಿಲ್ ಅಂತ ಹೆಸರಿಟ್ಟಾರ. ನಿಮ್ಮದೊಂದು ಪಡಸಾಲಿಗಿ ಹನ್ನೆರಡು ಬಲ್ಬ್ ಬೇಕೇನ್ರಿ?

ಕನಕರಾಯ: ಬಲ್ಬ್ ಅನಬ್ಯಾಡ. ಝೂಮರ್ ಅನ್ನು.

ಬಂಡೆಮ್ಮ: ಯಾಕ, ಝೂಮರಿಗಿ ಬಲ್ಬ್ ಹಾಕಂಗಿಲ್ಲೇನು? ಎಣ್ಣಿ ಬತ್ತಿ ಹಾಕ್ತೀರೇನು?

ಗುಲಾಮ್ ರಸೂಲ್: ಅರೇ ಆಪಾ, ಇದು ಹೈದರಾಬಾದಿನ ದೇವಡ್ಯಾಗ, ನವಾಬರ ಬಂಗ್ಲಾದಾಗ ಇದ್ದ ಮಾಲು. ಇದರ ಕೆಳಗ ನವಾಬ್ ಸಾಬ್ರು ಕುಂತು ಪಾನ್ ತಿಂತಿದ್ರು.

ಬಂಡೆಮ್ಮ: ಮತ್ತ ಯಾಕ ಮಾರಿದ್ರು?

ಗುಲಾಮ್ ರಸೂಲ್: ಅದೂ... ಹಾಲಾತ್ ಹಂಗಿತ್ತು.

ಬಂಡೆಮ್ಮ: ಹಾಲಾತ್ ಅಲ್ಲ. ಧೂಳ ಒರಸೋ ಆಳು ಓಡಿಹೋಗಿರಬೇಕು. ಈ ಗಾಜಿನ ಮಣಿ ಒಂದೊಂದ ಒರಸ್ಕೊಂತ ಕುಂತ್ರ ದೀಪಾವಳಿಗಿ ಹಿಡದ ಕೆಲಸ ಯುಗಾದಿಗಿ ಮುಗಿತದ.

ರಾಯಚೂರಿನ ತೀನ್ ಕಂದಿಲ್ ಬಳಿ ಗುಲಾಮ್ ರಸೂಲನ ಕರೆಂಟ್ ಸಾಮಾನಿನ ಅಂಗಡಿ. ದೀಪಾವಳಿ ಹತ್ತಿರ ಬಂದಿತ್ತು. ಅಂಗಡಿಯ ನಡುವೆ ಕೊಂಡಿಗೆ ತೂಗುಹಾಕಿದ್ದ ಆ ಝೂಮರಿನ, ಗಾಜಿನ ಮಣಿಗಳ ತೂಗುದೀಪದ, ಕೆಳತುದಿ ಸರಿಯಾಗಿ ಕನಕರಾಯನ ನೆತ್ತಿಯ ಮಟ್ಟಕ್ಕಿತ್ತು. ಅವನು ತಲೆಯಾಡಿಸಿ ವಾದ ಮಾಡಿದಾಗಲೆಲ್ಲ ಅದು ಕಿಣಿಕಿಣಿ ಎನ್ನುತ್ತಿತ್ತು. ತನ್ನ ಮಾತಿಗೆ ಇಷ್ಟಾದರೂ ಬೆಂಬಲವಿದೆ ಎಂದು ಅವನಿಗೆ ಸಮಾಧಾನ.

ಕನಕರಾಯ ಕೃಷಿ ಇಲಾಖೆಯ ಗುಮಾಸ್ತ, ಬಂಡೆಮ್ಮನ ಗಂಡ. ಗಿಲ್ಲೆಸುಗೂರಿನ ಕುರಿಹಟ್ಟಿಯಿಂದ ಬಂದು ಬಿ.ಎ. ಪಾಸಾದವನು. ಒಮ್ಮೆ ಹೈದರಾಬಾದಿಗೆ ತರಬೇತಿಗೆಂದು ಹೋದಾಗ ಜೊತೆಯವರು ಮೇದಕ್ಕಿನ ದೊಡ್ಡ ಚರ್ಚು ತೋರಿಸಲು ಕರೆದೊಯ್ದಿದ್ದರು. ಅಲ್ಲಿ ಅವನು ಕುತ್ತಿಗೆ ಹಿಂದಕ್ಕೆ ಬಾಗಿಸಿ ಮೇಲೆ ನೋಡಿದವನು, ಊರಿಗೆ ಬಂದ ಮೇಲೂ ಕುತ್ತಿಗೆಯನ್ನು ಪೂರ್ತಿ ಇಳಿಸಲಿಲ್ಲ. ಕೈಯೆತ್ತಿದರೆ ತೊಲೆ ಸಿಗುವ ಮಣ್ಣು ಮಾಳಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ಎತ್ತರ ತಲೆಗೇರಿತ್ತು. ರಾಯಚೂರಿನಲ್ಲಿ ಸ್ವಂತ ಮನೆ ಕಟ್ಟಿಸುವಾಗ, ಪಡಸಾಲೆಯ ಮಾಡು ಹಾಗೆಯೇ ಆಗಬೇಕೆಂದು ಗೌಂಡಿ ಮಾರೆಪ್ಪನಿಗೆ ಹೇಳಿದ. ಏಕೆ ಎಂದು ಕೇಳುವ ಚಟ ಮಾರೆಪ್ಪನಿಗಿರಲಿಲ್ಲ. ಮೂರಾಳೆತ್ತರ ಗೋಡೆ ಎಬ್ಬಿಸಿ, ಎರಡು ಕಡೆಯಿಂದಲೂ ಇಳಿಜಾರು ಕೂಡಿಸಿ, ನೆತ್ತಿಗೆ ಒಂದು ಕೊಂಡಿ ಬಿಟ್ಟು, ಕೈ ತೊಳೆದುಕೊಂಡು ಹೋದ.

ಮನೆ ನೋಡಲು ಮೊದಲು ಬಂದವನು ಬೂದೆಪ್ಪ. ಬಂಡೆಮ್ಮನ ಅಕ್ಕ ಕರೆಮ್ಮನ ಗಂಡ, ದೇವದುರ್ಗದವನು. ಮಾನ್ವಿ ರಸ್ತೆಯ ಹತ್ತಿ ಗಿರಣಿಯಲ್ಲಿ ಪಾಲುದಾರ. ಪಡಸಾಲೆಯ ನಡುವೆ ನಿಂತು ಮೇಲೆ ಕೆಳಗೆ ನೋಡಿ, ನೆಂಟರೆಲ್ಲರ ಎದುರಿಗೆ ಒಂದೇ ಮಾತು ಕೇಳಿದ: "ಗಿರಣಿ ಚಲೋ ಕಟ್ಟೀದಿ ತಮ್ಮಾ. ಹತ್ತಿ ಎಂದು ತರಸ್ತಿ?"

ಅಂದಿನಿಂದ ಬಂಡೆಮ್ಮನ ತವರು ಕುರ್ಡಿಯಲ್ಲಿ, ಗಿಲ್ಲೆಸುಗೂರಿನಲ್ಲಿ, ಬಸ್ಸಿನಲ್ಲಿ, ಕೊನೆಗೆ ಕಚೇರಿಯಲ್ಲೂ ಕನಕರಾಯನಿಗೆ ಅದೊಂದೇ ಪ್ರಶ್ನೆ. ದೀಪಾವಳಿ ಕಳೆದ ಮೇಲೆ ಮನೆ ಪ್ರವೇಶ. ಅಂದು ಬೂದೆಪ್ಪ ಬಂದೇ ಬರುತ್ತಾನೆ. ಬಂದವನು ಮೇಲೆ ನೋಡಬೇಕು, ಬಾಯಿ ಮುಚ್ಚಬೇಕು. ಅದಕ್ಕಾಗಿ ಈ ಝೂಮರ್.

ಕನಕರಾಯ: ನಿನಗ ತಿಳಿಯಂಗಿಲ್ಲ ಬಿಡು. ಎತ್ತರದ ಮನಿಗಿ ಎತ್ತರದ ದೀಪ ಬೇಕು.

ಬಂಡೆಮ್ಮ: ಕುಂದ್ರೋರು ಕೆಳಗ ಕುಂದ್ರತೀವಿ. ಮ್ಯಾಲ ಇರೋದು ಗುಬ್ಬಿ. ಗುಬ್ಬಿಗಿ ಯಾಕ ಹನ್ನೆರಡು ಬಲ್ಬ್? ಅವೇನು ಪೇಪರ್ ಓದ್ತಾವೇನು?

ಗುಲಾಮ್ ರಸೂಲ್: ಹಂಗಾರ ಟ್ಯೂಬ್ ಲೈಟ್ ತೋರಸ್ಲೇನು ಆಪಾ?

ಕನಕರಾಯ: ಟ್ಯೂಬ್ ಲೈಟಾ? ನನ್ನ ಮನಿ ಬಸ್ ಸ್ಟ್ಯಾಂಡೇನು?

ಬಂಡೆಮ್ಮ: ಬಸ್ ಸ್ಟ್ಯಾಂಡೇ ವಾಸಿ. ಅಲ್ಲಿ ಒಬ್ರು ಕೂಗಿದ್ರ ಒಂದ ಸಲ ಕೇಳ್ತದ. ನಮ್ಮ ಮನ್ಯಾಗ ಅತ್ತಿ ಒಮ್ಮೆ ಕೆಮ್ಮಿದ್ರ ಮನಿ ಎರಡು ಸಲ ಕೆಮ್ಮತದ. ನಿನ್ನೆ ಮನಿ ನೋಡಾಕ ಹೋದಾಗ ಆಕಿ, "ಯಾರವ್ವಾ ಅದು, ಪಾಪ, ಭಾಳ ಕೆಮ್ಮಾಕತ್ತಾರ" ಅಂದ್ಳು.

ಗುಲಾಮ್ ರಸೂಲ್ ನಗು ತಡೆಯಲು ಒಂದು ಹೋಲ್ಡರನ್ನು ಬಿಚ್ಚಿ, ಮತ್ತೆ ಜೋಡಿಸಿದ.

ಬಂಡೆಮ್ಮ: ಮತ್ತ ಬಲ್ಬ್ ಸುಟ್ರ ಏರೋರು ಯಾರು?

ಕನಕರಾಯ: ಮಾರೆಪ್ಪ ಬರ್ತಾನ.

ಬಂಡೆಮ್ಮ: ಹನ್ನೆರಡು ಬಲ್ಬ್ ಅವ. ಇವತ್ತೊಂದು ಸುಡ್ತದ, ನಾಳಿಗೊಂದು ಸುಡ್ತದ. ಅಂವಗ ನಮ್ಮ ಮನ್ಯಾಗ ಒಂದು ಖೋಲಿ ಕೊಟ್ಟುಬಿಡ್ರಿ. ನಿಚ್ಚಣಿಕಿ ಮ್ಯಾಲೇ ಉಂಡು ಅಲ್ಲೇ ಮಲಗ್ಲಿ.

ಕನಕರಾಯ: ರಸೂಲ್ ಸಾಬ್, ಈಕಿ ಜೊತಿ ಮಾತು ಸಾಕು. ಬಟನ್ ಒತ್ರಿ. ಕಣ್ಣಾರೆ ನೋಡ್ಲಿ.

ಗುಲಾಮ್ ರಸೂಲ್ ಬಿಸ್ಮಿಲ್ಲಾ ಎಂದು ಬಟನ್ ಒತ್ತಿದ. ಹನ್ನೆರಡೂ ಒಮ್ಮೆಲೇ ಹತ್ತಿಕೊಂಡವು. ಅಂಗಡಿಯ ಗೋಡೆಗಳ ಮೇಲೆ, ಫ್ಯಾನುಗಳ ರೆಕ್ಕೆಯ ಮೇಲೆ, ಬಂಡೆಮ್ಮನ ಹಣೆಯ ಮೇಲೆ ಕೆಂಪು ಹಸಿರು ಚುಕ್ಕಿಗಳು ಓಡಾಡಿದವು. ಕನಕರಾಯನ ಎರಡೂ ಕೈ ತಾವಾಗಿಯೇ ಕೂಡಿಕೊಂಡು ಎದೆಯ ಮಟ್ಟಕ್ಕೆ ಬಂದವು.

ಬಂಡೆಮ್ಮ: ನೋಡ್ರಿ, ನೋಡ್ರಿ! ಕರೆಂಟಿಗಿ ಕೈ ಮುಗಿಯೋದು ಮೌಢ್ಯ ಅಂತ ನಿಮ್ಮವ್ವಗ ದಿನಾ ಪಾಠ ಹೇಳ್ತಿದ್ರಿ!

ಕನಕರಾಯ: (ಕೈ ಬಿಡಿಸಿ, ಅಂಗಿ ಸರಿ ಮಾಡಿಕೊಳ್ಳುತ್ತ) ಅದು... ಸೊಳ್ಳಿ ಹೊಡದ್ನಿ.

ಬಂಡೆಮ್ಮ: ಸೊಳ್ಳಿಗೆ ಭಾಳ ಭಕ್ತಿಲೆ ಹೊಡದ್ರಿ. ಇರ್ಲಿ. ಸಂಜಿಗೆ ದೀಪ ಹಚ್ಚಿದ ಕೂಡ್ಲೆ ಅತ್ತಿ ಕೈ ಮುಗಿತಾಳ. ಅಷ್ಟೆತ್ತರ ನೋಡಿದ್ರ ಆಕಿ ಕುತ್ತಿಗಿ ಹಿಡಿತದ. ನೋಡದಿದ್ರ ಯಾವುದಕ್ಕ ಮುಗಿಬೇಕು? ಒಂದಕ್ಕ ಮುಗದ್ರ ಉಳಿದ ಹನ್ನೊಂದು ಮಾರಿ ತಿರುವ್ತಾವ.

ಅಷ್ಟಕ್ಕೇ ಬಿಡದೆ ಅವಳು ಕೈಚೀಲ ಬಿಚ್ಚಿ, ಸಂತೆಯಿಂದ ತಂದ ತೊಗರಿಬೇಳೆಯನ್ನು ಒಂದು ಹಿಡಿ ಅಂಗೈಯಲ್ಲಿ ಹರಡಿ ಝೂಮರಿನ ಕೆಳಗೆ ಹಿಡಿದಳು.

ಕನಕರಾಯ: ಏನು ಮಾಡಾಕತ್ತೀದಿ?

ಬಂಡೆಮ್ಮ: ಬ್ಯಾಳಿ ಆರಸಾಕತ್ತೀನಿ. ಕಲ್ಲೂ ಮಿಂಚ್ತದ, ಬ್ಯಾಳಿನೂ ಮಿಂಚ್ತದ. ನವಾಬನ ಮನ್ಯಾಗ ಮಂದಿ ಹಲ್ಲು ಮುರಕೊಂಡಿರಬೇಕು. ಅದಕ್ಕ ಪಾನ್ ತಿನ್ಕೊಂತ ಕುಂತಿದ್ರು.

ಕನಕರಾಯ: ಸುಮ್ನಿರು! ಮೇದಕ್ಕಿನ ಚರ್ಚಿನೊಳಗ ಯಾರೂ ಬ್ಯಾಳಿ ಆರಸಂಗಿಲ್ಲ!

ಬಂಡೆಮ್ಮ: ಅಲ್ಲಿ ಯಾರೂ ಸಂಸಾರನೂ ಮಾಡಂಗಿಲ್ಲ.

ಕನಕರಾಯ ಸಿಟ್ಟಿನಿಂದ ತಲೆಯೆತ್ತಿದ. ಝೂಮರ್ ಕಿಣಿ ಎಂದಿತು. ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಧೋತರ, ಕರಿ ಕೋಟು ಕಾಣಿಸಿತು. ಬೂದೆಪ್ಪ!

ಬೂದೆಪ್ಪ: ರಸೂಲ್, ಗಿರಣಿಗೆ ದೀಪ ಕಟ್ಟು. ಪ್ರತಿ ವರ್ಷದ್ದೇ. (ತಿರುಗಿ) ಓಹೋ, ತಮ್ಮಾ, ನೀನೂ ಗಿರಣಿ ದೀಪಕ್ಕೇ ಬಂದೇನು? ಹತ್ತಿ ಎಂದು ಬರ್ತದ?

ಕನಕರಾಯ: ಬರ್ರಿ ಬೂದೆಪ್ಪಣ್ಣಾ. ನಾವು ಮನಿಗಿ ಝೂಮರ್ ನೋಡಾಕತ್ತೀವಿ.

ಬೂದೆಪ್ಪ: ಇದಾ? ನಿಮ್ಮಪ್ಪ ಕುರಿ ಕಾಯುವಾಗ ಚಂದಪ್ಪನ ಬೆಳಕು ಸಾಕಾಗಿತ್ತು. ನಿನಗ ಇದು ಬೇಕಾತೇನು?

ಕನಕರಾಯ: ನಿಮ್ಮಪ್ಪನೂ ಅದೇ ಬೆಳಕಿನ್ಯಾಗ ನಮ್ಮಪ್ಪನ ಬಾಜೂಕ ಮಲಗ್ತಿದ್ದ.

ಗುಲಾಮ್ ರಸೂಲ್ ಒಳಗಿನಿಂದ ಬೂದೆಪ್ಪನ ಮಾಲು ತಂದ. ಹೊರಗೆ ಹಸಿರು, ಒಳಗೆ ಬಿಳಿ ಬಣ್ಣದ ತಗಡಿನ ಟೊಪ್ಪಿಗೆ. ಟೊಪ್ಪಿಗೆಯೊಳಗೆ ಒಂದೇ ಬಲ್ಬು. ಮೇಲೆ ಉದ್ದನೆಯ ಸರಪಳಿ. ಒಂದನ್ನು ಬಾಗಿಲ ಬಳಿಯ ಕೊಂಡಿಗೆ ಸಿಕ್ಕಿಸಿ ಹಚ್ಚಿ ತೋರಿಸಿದ. ಬೆಳಕು ಅತ್ತಿತ್ತ ಅಲೆಯದೆ ನೇರ ಕೆಳಗೆ ಸುರಿಯಿತು. ಬಂಡೆಮ್ಮ ಹೋಗಿ ಅದರ ಕೆಳಗೆ ಅಂಗೈ ಹಿಡಿದಳು. ಬೇಳೆಯೊಳಗಿನಿಂದ ಒಂದು ಕಲ್ಲು ಎತ್ತಿ ಎಸೆದಳು. ಇನ್ನೊಂದು ಎತ್ತಿದಳು. ಬೇಳೆ ಮಾರಿದವನಿಗೆ ಮೆಲ್ಲಗೆ ಒಂದು ಬೈಗುಳ ಹಾಕಿದಳು. ಆಮೇಲೆ ಸರಪಳಿಯ ಉದ್ದ ನೋಡಿದಳು. ಆಮೇಲೆ ಬೂದೆಪ್ಪನ ಮುಖ ನೋಡಿದಳು. ತವರಿನ ನೆಂಟಸ್ತಿಕೆಯ ಜೇನು ಒಮ್ಮೆಲೇ ಅವಳ ನಾಲಗೆಗೆ ಬಂತು.

ಬಂಡೆಮ್ಮ: ಮಾವಾ, ನೀವು ಅಂದದ್ದು ಖರೇ ಅದ. ಈ ಝೂಮರ್ ನಮ್ಮಂಥವರಿಗಲ್ಲ.

ಕನಕರಾಯ: ಏ!

ಬಂಡೆಮ್ಮ: ಇದಕ್ಕ ಮ್ಯಾಲ ಎತ್ತರ ಇರಬೇಕು, ಕೆಳಗ ದೊಡ್ಡ ಮಂದಿ ಇರಬೇಕು. ನಮ್ಮಲ್ಲಿ ಎತ್ತರ ಅದ, ಮಂದಿ ಯಾರು? ಈ ಗುಮಾಸ್ತ್ರು, ನಾನು, ಅತ್ತಿ. ಲಕ್ಷ್ಮಿಪೂಜಿಗಿ ಆದವಾನಿ ಹತ್ತಿ ಸಾಹುಕಾರ್ರು ಬರೋದು ನಿಮ್ಮ ಗಿರಣಿಗಿ.

ಬೂದೆಪ್ಪ: ಅದು ಖರೇ.

ಬಂಡೆಮ್ಮ: ಪಾಪ, ಅವರು ಬಂದು ತಗಡಿನ ಟೊಪ್ಪಿಗಿ ನೋಡ್ತಾರ.

ಗುಲಾಮ್ ರಸೂಲ್: (ಗಾಳಿ ಬೀಸಿದ ಕಡೆ ತೂರಿಕೊಳ್ಳುವ ವ್ಯಾಪಾರಿ) ಆದವಾನಿ ಸೇಠ್ ಒಬ್ಬರು ಇದನ್ನ ಕೇಳಿ ಹೋಗ್ಯಾರ ಸಾಹುಕಾರ್ರೆ. ಅವರ ಗಿರಣ್ಯಾಗ ಹಾಕ್ತಾರಂತ.

ಬೂದೆಪ್ಪ: ಆದವಾನಿಗಿ ಕಳಸ್ತೀಯೇನು? ರಾಯಚೂರಾಗ ನಾವು ಸತ್ತೀವೇನು? ಕಟ್ಟು!

ಕನಕರಾಯ: ಅಣ್ಣಾ, ಅದು ನಂದು! ಮೊದಲು ನೋಡ್ದವ ನಾನು!

ಬೂದೆಪ್ಪ: ನೋಡಾಕ ಎಲ್ಲಾರೂ ನೋಡ್ತಾರಪಾ. ನೀ ಮೇದಕ್ಕನೂ ನೋಡಿ ಬಂದಿ. ಚರ್ಚು ನಿನ್ನದಾತೇನು?

ಕನಕರಾಯ ಬಾಯಿ ತೆರೆದ. ಬಂಡೆಮ್ಮ ಅವನ ಕಾಲ್ಬೆರಳನ್ನು ಮೆಟ್ಟಿ ನಿಂತಳು. ಬಾಯಿ ಮುಚ್ಚಿತು. ಗಾಡಿಖಾನೆಯಿಂದ ಟಾಂಗಾ ಬಂತು. ಝೂಮರ್ ಹುಲ್ಲಿನ ಹಾಸಿಗೆಯ ಮೇಲೆ ಮಲಗಿ, ಕುದುರೆಯ ಗೆಜ್ಜೆಯೊಂದಿಗೆ ಜಗಳವಾಡುತ್ತ, ಕಿಣಿಕಿಣಿ ಎನ್ನುತ್ತ ಮಾನ್ವಿ ರಸ್ತೆ ಹಿಡಿಯಿತು. ಕಣ್ಣಿಗೆ ಮರೆಯಾಗುವವರೆಗೂ ಕನಕರಾಯ ನೋಡಿದ. ಮಗಳನ್ನು ಗಂಡನ ಮನೆಗೆ ಕಳಿಸುವವರೂ ಅಷ್ಟು ನೋಡುವುದಿಲ್ಲ.

ಬಂಡೆಮ್ಮ: ರಸೂಲ್ ಭಾಯಿ, ಆ ತಗಡಿನ ಟೊಪ್ಪಿಗಿ ನಮಗೊಂದು ಕಟ್ರಿ. ಸರಪಳಿ ಉದ್ದಂದು ಹಾಕ್ರಿ.

ಕನಕರಾಯ: ಗಿರಣಿ ದೀಪ? ನನ್ನ ಮನಿಗಿ? ಅಂವ ಬಂದು ಊರ ಮುಂದ ನಗಲಿ ಅಂತೇನು?

ಬಂಡೆಮ್ಮ: ನಗಲಿ. ಬೆಳಕು ಬಿದ್ರ ಹಲ್ಲು ಚಲೋ ಕಾಣ್ತಾವ.

ಮನೆ ಪ್ರವೇಶದ ಹೊತ್ತಿಗೆ ದೀಪಾವಳಿ ಕಳೆದು, ಗಿರಣಿಗೆ ಹತ್ತಿ ಬಂದಿತ್ತು. ಕರೆಮ್ಮ ಬೆಳಿಗ್ಗೆಯೇ ಬಂದು ಒಲೆಯ ಮುಂದೆ ತಂಗಿಯ ಕಿವಿಗೆ ಸುದ್ದಿ ಹಾಕಿದಳು. ಪೂಜೆಯ ದಿನ ಝೂಮರ್ ಝಗಮಗಿಸಿದ್ದು ನಿಜವಂತೆ. ಹತ್ತಿ ಹಿಂಜಲು ಶುರುವಾದ ಮೇಲೆ ಹಾರಿದ ಅರಳೆಯೆಲ್ಲ ಅದರ ಮಣಿಗಳಿಗೆ ಅಂಟಿಕೊಂಡಿತಂತೆ. ಈಗ ಗಿರಣಿಯ ನಡುವೆ, ಕಾಲು ಕಟ್ಟಿ ತೂಗುಹಾಕಿದ ಬಿಳಿ ಕುರಿಯ ಹಾಗೆ ಕಾಣುತ್ತದಂತೆ. ಸಾಹುಕಾರರು ಬಂದರೆ ಬೂದೆಪ್ಪ ಅವರನ್ನು ಹಿತ್ತಲ ಬಾಗಿಲಿನಿಂದ ಒಳಗೆ ಕರೆಯುತ್ತಾನಂತೆ.

ಕನಕರಾಯ ಇದನ್ನು ಕದ್ದು ಕೇಳಿಸಿಕೊಂಡ. ಅವನ ತಲೆಯಲ್ಲಿ ಒಂದು ಮಾತು ತಯಾರಾಯಿತು. ಯಾರೂ ಇಲ್ಲದಾಗ ಪಡಸಾಲೆಯಲ್ಲಿ ನಿಂತು ಅದನ್ನು ಹೇಳಿ ನೋಡಿದ. ಮನೆಯೂ ಅದನ್ನು ಎರಡನೆಯ ಸಲ ಹೇಳಿ ಒಪ್ಪಿಗೆ ಕೊಟ್ಟಿತು.

ಸಂಜೆ ಪಡಸಾಲೆ ತುಂಬ ನೆಂಟರು. ನಡುವೆ ಕಂಬಳಿಯ ಮೇಲೆ ಬೂದೆಪ್ಪ. ಕತ್ತಲಾಗುತ್ತಲೇ ಕನಕರಾಯನ ತಾಯಿ ಯಮನಮ್ಮ ಬಟನ್ ಒತ್ತಿದಳು. ಉದ್ದನೆಯ ಸರಪಳಿಯ ತುದಿಯಲ್ಲಿ, ನಿಂತವರ ತಲೆಗಿಂತ ಗೇಣುದ್ದ ಮೇಲೆ, ಒಂದೇ ದೀಪ ಹತ್ತಿತು. ಮುದುಕಿ ಕುತ್ತಿಗೆ ನೋಯಿಸಿಕೊಳ್ಳದೆ ಕೈ ಮುಗಿದಳು. ಎಲ್ಲರೂ ಮುಗಿದರು. ಬೂದೆಪ್ಪನೂ ಕಣ್ಣು ಮುಚ್ಚಿ, ಎರಡೂ ಕೈ ಹಣೆಗೆ ಮುಟ್ಟಿಸಿ, ಭಕ್ತಿಯಿಂದ ಮುಗಿದ. ಕಣ್ಣು ತೆರೆದ. ತಾನು ಮುಗಿದದ್ದು ಯಾವುದಕ್ಕೆಂದು ಕಂಡಿತು.

ಬೂದೆಪ್ಪ: ಇದು... ಇದು ನಮ್ಮ ಗಿರಣಿ ದೀಪ ಅಲ್ಲೇನು? ಹ್ಹಹ್ಹ! ನಾ ಮೊದಲೇ ಅಂದಿದ್ನಿಲ್ಲ, ಇದು ಗಿರಣಿ ಅಂತ! ತಮ್ಮಾ, ಹತ್ತಿ ಎಂದು ತರಸ್ತಿ?

ಬಂಡೆಮ್ಮ: ಮಾವಾ, ಕೈ ಮುಗಿದ ಮ್ಯಾಲ ಹಂಗ ನಗಬಾರದು. ಮತ್ತ ಇದು ಗಿರಣಿ ಹೆಂಗಾಗ್ತದ? ಗಿರಣಿ ಅಂದ್ರ ಝೂಮರ್ ಇರ್ತದಲ್ಲ!

ಕರೆಮ್ಮ ಮೊದಲು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆಮೇಲೆ ಕುರ್ಡಿಯವರು ನಕ್ಕರು, ಗಿಲ್ಲೆಸುಗೂರಿನವರು ನಕ್ಕರು, ಅವರೆಲ್ಲ ನಕ್ಕು ಮುಗಿಸಿದ ಮೇಲೆ ಮನೆಯೂ ಒಂದು ಸಲ ನಕ್ಕಿತು. ಬೂದೆಪ್ಪ ಕೋಟಿನ ತೋಳಿಗೆ ಅಂಟಿದ್ದ ಅರಳೆಯ ಎಳೆಯನ್ನು ಕೀಳತೊಡಗಿದ. ಊಟ ಮುಗಿಯುವವರೆಗೂ ಅದೊಂದೇ ಕೆಲಸ ಮಾಡಿದ.

ಕನಕರಾಯ ಮಾತ್ರ ನಗಲಿಲ್ಲ. ಹೆಂಡತಿಯನ್ನು ಅಡುಗೆಮನೆಯ ಬಾಗಿಲಿಗೆ ಕರೆದ.

ಕನಕರಾಯ: ಅದು ನಾ ಅನಬೇಕಾಗಿದ್ದ ಮಾತು! ಮುಂಜಾನಿಯಿಂದ ತಯಾರ್ ಮಾಡಿ ಇಟ್ಟಿದ್ನಿ!

ಬಂಡೆಮ್ಮ: ಯಾರು ಬ್ಯಾಡ ಅಂದ್ರು? ಅಂವ ಎದುರಿಗೇ ಕುಂತಿದ್ದ. ನೀವು ಝೂಮರ್ ಎಲ್ಲಿ ತೂಗ್ತಿತ್ತು ಅಂತ ಮ್ಯಾಲ ನೋಡ್ಕೊಂತ ನಿಂತಿದ್ರಿ.